ಎಲ್ಲಿ ಮಲಗುತ್ತೀರಿ ಎಂದು ಮೊದಲು ಕೇಳಿದವರು: ಸ್ಪಿತಿ ಪ್ರವಾಸಕ್ಕೆ ಪ್ಲಾನ್ ಬರೆಸಿಕೊಂಡ ಅನುಭವ

ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ಹತ್ತಿರದ ಒಂದು ಮನೆಯ ಮೊದಲ ಮಹಡಿಯಲ್ಲಿ ಅಪ್ಪ ಮಗಳು ಸೇರಿ ಒಂದು ಕೆಲಸ ಮಾಡುತ್ತಾರೆ. ಸ್ವಂತ ಕಾರಿನಲ್ಲಿ ಹಿಮಾಲಯದ ಕಡೆ ಹೊರಡುವ ಕುಟುಂಬಗಳಿಗೆ ದಾರಿಯ ಪ್ಲಾನ್ ಬರೆದುಕೊಡುತ್ತಾರೆ. ಹೋಟೆಲ್ ಬುಕ್ ಮಾಡುವುದಿಲ್ಲ. ಕಾರು ಕೊಡುವುದಿಲ್ಲ. ಜೊತೆಗೆ ಯಾರನ್ನೂ ಕಳಿಸುವುದಿಲ್ಲ. ಬರೀ ಪ್ಲಾನ್, ಅದಕ್ಕೆ 7,500 ರೂಪಾಯಿ. ಕಳೆದ ದಸರಾ ರಜೆಯಲ್ಲಿ ನಾವು ಅವರ ಪ್ಲಾನ್ ಹಿಡಿದು ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿ ಬಂದೆವು. ಆ ಸೇವೆ ಹೇಗಿತ್ತು ಅಂತ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುತ್ತಿಲ್ಲ, ಅವರೇ ಬೇಡ ಅಂದರು. ವರ್ಷಕ್ಕೆ ಕೆಲವೇ ಕುಟುಂಬಗಳನ್ನು ತೆಗೆದುಕೊಳ್ಳುತ್ತಾರೆ, ಅದೂ ಗೊತ್ತಿದ್ದವರ ಮೂಲಕ. ಆದರೆ ನೀವು ಯಾರ ಹತ್ತಿರ ಪ್ಲಾನ್ ಮಾಡಿಸಿದರೂ ಇವರು ಕೊಟ್ಟದ್ದನ್ನು ಕೇಳಿ ಪಡೆಯಬಹುದು. ಅದಕ್ಕೇ ಈ ಬರಹ.

ಅಪ್ಪ ಗಡಿ ಭಾಗದಲ್ಲಿ ರಸ್ತೆ ಕಟ್ಟುವ ಬಾರ್ಡರ್ ರೋಡ್ಸ್ ಸಂಸ್ಥೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಡಿಮೆ. ಮಗಳು ಮಾತಾಡುತ್ತಾರೆ, ಬರೆಯುತ್ತಾರೆ, ಫೋನ್ ಎತ್ತುತ್ತಾರೆ. ಮೊದಲ ಸಲ ಹೋದಾಗ ನಾವು ಒಂದು ಉದ್ದದ ಪಟ್ಟಿ ಹಿಡಿದುಕೊಂಡು ಹೋಗಿದ್ದೆವು. ಚಂದ್ರತಾಲ್ ಸರೋವರದ ಹತ್ತಿರ ಟೆಂಟಿನಲ್ಲಿ ಒಂದು ರಾತ್ರಿ, ಕೋಮಿಕ್ ಹಳ್ಳಿಯಲ್ಲಿ ಒಂದು ರಾತ್ರಿ, ನಾಕೋದಲ್ಲಿ ಒಂದು ರಾತ್ರಿ. ನಮ್ಮ ಮಗಳು ಎಂಟನೇ ಕ್ಲಾಸು, ಮಗನಿಗೆ ಆರು ವರ್ಷ. ಅತ್ತೆಗೆ 68, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಮಂಡಿ ನೋವೂ ಇದೆ. ಅವರನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಹಿಮ ನೋಡಬೇಕು ಅಂತ ಮೊದಲು ಹೇಳಿದ್ದೇ ಅವರು.

ಆ ಹಿರಿಯರು ನಮ್ಮ ಪಟ್ಟಿ ನೋಡಲೇ ಇಲ್ಲ. ಪಕ್ಕಕ್ಕಿಟ್ಟು ಅತ್ತೆಯ ಕಡೆ ತಿರುಗಿ ಕೇಳಿದರು, "ರಾತ್ರಿ ನಿದ್ದೆ ಸರಿಯಾಗಿ ಬರುತ್ತಾ ಅಮ್ಮಾ? ಎಷ್ಟು ಸಲ ಏಳ್ತೀರಿ?" ಆಮೇಲೆ ಮಗನ ಕಡೆ ನೋಡಿ ನನ್ನನ್ನು, "ಚಾರ್ಮಾಡಿ ಘಾಟಿಯಲ್ಲಿ ಇವನಿಗೆ ವಾಂತಿ ಆಗುತ್ತಾ?" ಆಗುತ್ತೆ ಅಂದೆ. ಗಾಡಿ ಯಾವುದು, ನೆಲದಿಂದ ಎಷ್ಟು ಎತ್ತರ, ಡ್ರೈವ್ ಮಾಡುವವರು ಒಬ್ಬರೇನಾ ಇಬ್ಬರಾ, ಯಾರಿಗಾದರೂ ಅಸ್ತಮಾ ಇದೆಯಾ, ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ. ಎಲ್ಲ ಕೇಳಿ ಬರೆದುಕೊಂಡು, ಅತ್ತೆಯನ್ನು ನೋಡುವ ಡಾಕ್ಟರ ಹತ್ತಿರ ಹೋಗಿ ಇಷ್ಟು ಎತ್ತರಕ್ಕೆ ಹೋಗಬಹುದು ಅಂತ ಒಂದು ಚೀಟಿ ತನ್ನಿ, ಆಮೇಲೆ ಮುಂದಿನ ಮಾತು ಅಂದರು. ನಮ್ಮ ಮನೆಯವರಿಗೆ ಸ್ವಲ್ಪ ಬೇಜಾರಾಯಿತು. ನನಗೆ ಅವತ್ತೇ ನಂಬಿಕೆ ಬಂತು.

ಚೀಟಿ ತಂದ ಮೇಲೆ ಕೆಂಪು ಪೆನ್ನು ಹೊರಗೆ ಬಂತು. ನಮ್ಮ ಪಟ್ಟಿಯ ಮೂರೂ ರಾತ್ರಿಗಳನ್ನು ಹೊಡೆದು ಹಾಕಿದರು. "ನೋಡಮ್ಮಾ, ಏನು ನೋಡ್ತೀರಿ ಅನ್ನೋದು ಆಮೇಲೆ. ಎಲ್ಲಿ ಮಲಗ್ತೀರಿ, ಅದನ್ನ ಮೊದಲು ಹೇಳಿ" ಅಂದರು. ಇಡೀ ಪ್ಲಾನ್ ನಿಂತಿರುವುದು ಈ ಒಂದು ಮಾತಿನ ಮೇಲೆ.

ಕಾರಣವನ್ನು ಅವರ ಮಗಳು ನಿಧಾನವಾಗಿ ಬಿಡಿಸಿ ಹೇಳಿದರು. ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಸ್ಪಿತಿಯ ಮುಖ್ಯ ಊರು ಕಾಜಾ 3,600 ಮೀಟರ್ ದಾಟುತ್ತದೆ. ಅಲ್ಲಿಂದ ಮನಾಲಿಗೆ ಹೋಗುವಾಗ ಬೆಟ್ಟ ದಾಟುವ ಕುಂಜುಂ ಹಾದಿ 4,500 ಮೀಟರ್‌ಗಿಂತ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟಕ್ಕೇ ಇಳಿಯುತ್ತದೆ. ಮೈ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಸಮಯ ಬೇಕು. ಹಗಲು ಮೇಲೆ ಹೋಗಿ ಸಂಜೆ ಕೆಳಗಿಳಿದರೆ ಅಷ್ಟು ತೊಂದರೆ ಇಲ್ಲ. ತೊಂದರೆ ಕೊಡುವುದು ಮಲಗುವ ಎತ್ತರ, ಯಾಕೆಂದರೆ ನಿದ್ದೆಯಲ್ಲಿ ರಕ್ತದ ಆಮ್ಲಜನಕ ಇನ್ನೂ ಇಳಿಯುತ್ತದೆ. ವೈದ್ಯರು ಹೇಳುವ ಲೆಕ್ಕ ಹೀಗೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಒಂದು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಅಲ್ಲೇ ಉಳಿಯಬೇಕು.

ಈ ಲೆಕ್ಕ ಇಟ್ಟುಕೊಂಡು ನೋಡಿದರೆ ಮನಾಲಿ ಕಡೆಯಿಂದ ಸ್ಪಿತಿಗೆ ಹೋಗುವ ಪ್ಲಾನ್ ಎಷ್ಟು ಕಷ್ಟದ್ದು ಅಂತ ತಿಳಿಯುತ್ತದೆ. ಮನಾಲಿ ಸುಮಾರು 2,000 ಮೀಟರ್. ಬೆಳಿಗ್ಗೆ ಅಲ್ಲಿ ಎದ್ದು, ಕುಂಜುಂ ಹತ್ತಿ ಇಳಿದು, ರಾತ್ರಿ ಕಾಜಾದಲ್ಲಿ ಮಲಗಿದರೆ ಒಂದೇ ದಿನಕ್ಕೆ 1,600 ಮೀಟರ್ ಏರಿದ ಹಾಗೆ. ತುಂಬಾ ಪ್ಯಾಕೇಜುಗಳು ಹೀಗೇ ಇರುತ್ತವೆ, ಯಾಕೆಂದರೆ ದಿನ ಉಳಿಯುತ್ತದೆ. ಮಕ್ಕಳು, ವಯಸ್ಸಾದವರು ಇದ್ದರೆ ಈ ದಾರಿ ಬೇಡವೇ ಬೇಡ ಅಂತ ನಾನೂ ಈಗ ಗಟ್ಟಿಯಾಗಿ ಹೇಳುತ್ತೇನೆ. ಶಿಮ್ಲಾ ಕಡೆಯಿಂದ, ಕಿನ್ನೌರ್ ಜಿಲ್ಲೆಯ ಮೂಲಕ ಹೋಗಿ.

ನಮಗೆ ಬರೆದುಕೊಟ್ಟ ಮೊದಲ ಪುಟದಲ್ಲಿ ಬರೀ ರಾತ್ರಿಗಳು ಇದ್ದವು. ಊರು, ಎತ್ತರ, ಹಿಂದಿನ ರಾತ್ರಿಗಿಂತ ಎಷ್ಟು ಜಾಸ್ತಿ. ಶಿಮ್ಲಾ ಸುಮಾರು 2,200. ಆಮೇಲೆ ಭೀಮಾಕಾಳಿ ದೇವಸ್ಥಾನ ಇರುವ ಸರಾಹನ್, ಅದೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಶಿಮ್ಲಾದಿಂದ ಕಲ್ಪಾ ಒಂದೇ ದಿನಕ್ಕೆ ಮುಟ್ಟಬಹುದು. ಆದರೆ ಘಾಟಿಯಲ್ಲಿ ವಾಂತಿ ಮಾಡುವ ಮಗು ಇದೆ ಅಂತ ಅದನ್ನು ಎರಡು ದಿನ ಮಾಡಿದ್ದರು. ಕಲ್ಪಾ 2,960, ಅಲ್ಲಿ ಎರಡು ರಾತ್ರಿ. ಅಲ್ಲಿಂದ ತಾಬೋ, 3,280. ಆಮೇಲೆ ಕಾಜಾ. ನಾಕೋ ಕಾಜಾದಷ್ಟೇ ಎತ್ತರದ ಊರು, 3,600ರ ಮೇಲೆ. ಕಲ್ಪಾದಿಂದ ನೇರ ಬಂದು ಅಲ್ಲಿ ಮಲಗಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ನಾಕೋದಲ್ಲಿ ಊಟ ಮಾಡಿ, ಕೆರೆಗೆ ಒಂದು ಸುತ್ತು ಹಾಕಿ, ಇಳಿದು ತಾಬೋಗೆ ಹೋಗಿ ಮಲಗಿ ಅಂತ ಬರೆದಿದ್ದರು. ನಕ್ಷೆ ನೋಡಿ ಪ್ಲಾನ್ ಮಾಡುವವರಿಗೆ ಇದು ಹೊಳೆಯುವುದಿಲ್ಲ. ನಕ್ಷೆಯಲ್ಲಿ ನಾಕೋ ಕಲ್ಪಾಕ್ಕೂ ಕಾಜಾಕ್ಕೂ ಮಧ್ಯೆ ಇದೆ. ನಿಲ್ಲುವುದಕ್ಕೆ ಅದೇ ಸರಿಯಾದ ಜಾಗ ಅನ್ನಿಸುತ್ತದೆ.

ತಾಬೋ ಬಗ್ಗೆ ಒಂದು ಮಾತು. ಅಲ್ಲಿಯ ಬೌದ್ಧ ವಿಹಾರ ಶುರುವಾದದ್ದು 996ರಲ್ಲಿ. ಹೊರಗಿನಿಂದ ಬರೀ ಮಣ್ಣಿನ ಗೋಡೆ. ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಗೋಡೆ ತುಂಬಾ ಚಿತ್ರಗಳು ಕಾಣುತ್ತವೆ. ಫೋಟೋ ತೆಗೆಯುವ ಹಾಗಿಲ್ಲ, ಒಳ್ಳೆಯದೇ ಆಯಿತು. ಅತ್ತೆ ನೆಲದ ಮೇಲೆ ಕೂತವರು ಏಳಲು ಒಪ್ಪಲಿಲ್ಲ. ಹೆಚ್ಚಿನವರು ಕಾಜಾಕ್ಕೆ ಹೋಗುವ ಅವಸರದಲ್ಲಿ ಇಲ್ಲಿ ಸ್ವಲ್ಪ ಹೊತ್ತು ನಿಂತು ಹೊರಟುಬಿಡುತ್ತಾರೆ. ಮಲಗುವ ಎತ್ತರದ ಲೆಕ್ಕ ಇಲ್ಲದಿದ್ದರೆ ನಾವೂ ಇಲ್ಲಿ ಉಳಿಯುತ್ತಿರಲಿಲ್ಲ.

ದಾರಿಯ ಪುಟಗಳ ವಿಷಯ. ಕಾರನ್ನು ನಮ್ಮ ಮನೆಯವರು ಮತ್ತು ಮೈದುನ ಬೆಂಗಳೂರಿನಿಂದ ಓಡಿಸಿಕೊಂಡು ಹೋದರು. ನಾವು ಉಳಿದವರು ಚಂಡೀಗಢಕ್ಕೆ ವಿಮಾನದಲ್ಲಿ ಹೋದೆವು. ಇದೂ ಅವರದೇ ಸಲಹೆ. ಹೆಬ್ಬಾಳದಿಂದ ಹಿಡಿದ ರಾಷ್ಟ್ರೀಯ ಹೆದ್ದಾರಿ 44 ಅನಂತಪುರ, ಕರ್ನೂಲು, ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ ಮುಟ್ಟಿಸಿ ಉತ್ತರಕ್ಕೆ ಒಯ್ಯುತ್ತದೆ. ನಾಗಪುರ ದಾಟಿದ ಮೇಲೆ ಪೆಂಚ್ ಕಾಡಿನಲ್ಲಿ ಪ್ರಾಣಿಗಳು ಕೆಳಗಿನಿಂದ ದಾಟಲಿ ಅಂತ ರಸ್ತೆಯನ್ನೇ ಎತ್ತಿ ಕಟ್ಟಿದ್ದಾರೆ, ಮೈದುನನಿಗೆ ಅದು ಬಹಳ ಹಿಡಿಸಿತಂತೆ. ಪ್ಲಾನಿನ ಈ ಭಾಗ ಮಾತ್ರ ಸಪ್ಪೆ. ಎಲ್ಲಿ ಊಟ ಚೆನ್ನಾಗಿದೆ, ಎಲ್ಲಿ ಗಾಡಿ ನಿಲ್ಲಿಸಿ ಮಲಗಬಹುದು, ಏನೂ ಇಲ್ಲ. ಒಂದು ಪುಟ ಅಷ್ಟೇ. ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಓಡಿಸುವವರಿಗೆ ಇದು ಸಾಲದು.

ಬೆಟ್ಟದ ಭಾಗ ಶುರುವಾದ ಮೇಲೆ ಪ್ಲಾನಿನ ರೀತಿಯೇ ಬೇರೆ. ಕಲ್ಪಾ ಹತ್ತಿರದ ರಿಕಾಂಗ್ ಪಿಯೋ ಊರಿನ ಕೆಳಗೆ ಪೊವಾರಿಯಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ, ಅದಾದ ಮೇಲೆ ಕಾಜಾದ ಬಂಕ್ ಬಿಟ್ಟು ಬೇರೆ ನಂಬಬೇಡಿ. ಕಾಜಾದಿಂದ ಮನಾಲಿ ಕಡೆ ಇಳಿಯುವುದಾದರೆ ಮತ್ತೆ ತುಂಬಿಸಿ, ಸುಮಾರು 200 ಕಿಲೋಮೀಟರ್ ಉದ್ದಕ್ಕೂ ಏನೂ ಸಿಗುವುದಿಲ್ಲ. ಒಂದು, ಎರಡನೇ ಗೇರಿನಲ್ಲೇ ಜಾಸ್ತಿ ಓಡುವುದರಿಂದ ಮೈಲೇಜ್ ಬೆಂಗಳೂರಿನ ಲೆಕ್ಕಕ್ಕೆ ಬರುವುದಿಲ್ಲ. ನಾಕೋ ದಾಟಿದ ಮೇಲೆ ಮಲ್ಲಿಂಗ್ ನಾಲಾ ಹತ್ತಿರ ಮಣ್ಣು ಕುಸಿಯುತ್ತದೆ, ಅಲ್ಲಿ ಫೋಟೋಗೆ ನಿಲ್ಲಿಸಬೇಡಿ. ಸುಮ್ದೋದಲ್ಲಿ ಪೊಲೀಸ್ ಚೆಕ್‌ಪೋಸ್ಟ್ ಇದೆ, ಗುರುತಿನ ಚೀಟಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಈ ದಾರಿಗೆ ಭಾರತೀಯರಿಗೆ ಪರ್ಮಿಟ್ ಬೇಡ, ವಿದೇಶಿ ಪಾಸ್‌ಪೋರ್ಟ್ ಇರುವ ನೆಂಟರು ಜೊತೆಗಿದ್ದರೆ ಅವರಿಗೆ ಬೇಕು. ಸಿಗ್ನಲ್ ಹೋದರೆ ಯುಪಿಐ ಇಲ್ಲ, ನಗದು ಎರಡು ಕಡೆ ಹಂಚಿಡಿ.

ಡ್ರೈವಿಂಗ್ ಬಗ್ಗೆ ಆ ಹಿರಿಯರು ನಮ್ಮ ಮನೆಯವರನ್ನು ಬೇರೆಯಾಗಿ ಕೂರಿಸಿಕೊಂಡು ಪಾಠ ಮಾಡಿದರು. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬಾರದು, ಬ್ರೇಕ್ ಕಾದು ಹಿಡಿಯುವುದೇ ನಿಂತುಹೋಗುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಒಂದೇ ಗಾಡಿಗೆ ಜಾಗ ಇರುವ ಕಡೆ ಹತ್ತುವವರಿಗೆ ದಾರಿ ಬಿಡಬೇಕು, ಅದು ನಿಯಮ. ಸಿಲ್ಕ್ ಬೋರ್ಡಿನಲ್ಲಿ ಮೂಗು ತೂರಿಸಿ ಅಭ್ಯಾಸ ಇರುವವರು ಅದನ್ನು ಮನೆಯಲ್ಲೇ ಬಿಟ್ಟು ಹೋಗಬೇಕು ಅಂತ ಕಟ್ಟುನಿಟ್ಟಾಗಿ ಹೇಳಿದರು. ಕಿನ್ನೌರಿನಲ್ಲಿ ಬಂಡೆ ಕೊರೆದು ಮಾಡಿದ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದಾಗ ಆ ಪಾಠದ ಬೆಲೆ ತಿಳಿಯಿತು. ನಮ್ಮ ಮನೆಯವರು ಗಾಬರಿಯಾಗದೆ ಹಿಂದಕ್ಕೆ ತೆಗೆದು ಜಾಗ ಮಾಡಿಕೊಟ್ಟರು.

ಸಾಮಾನಿನ ಪಟ್ಟಿ ಚಿಕ್ಕದಾಗಿತ್ತು. ಗಾಳಿ ತುಂಬುವ ಪಂಪ್, ಪಂಕ್ಚರ್ ಕಿಟ್, ಎಳೆಯುವ ಹಗ್ಗ. ಎಲ್ಲ ಜೆ.ಸಿ. ರಸ್ತೆಯಲ್ಲಿ ಒಂದೇ ಮಧ್ಯಾಹ್ನಕ್ಕೆ ಸಿಕ್ಕಿತು. ಅಡುಗೆಗೆ ಕುಕ್ಕರ್ ಇಲ್ಲದೆ ಹೋಗಬೇಡಿ ಅಂತ ಬರೆದಿದ್ದರು. 4,000 ಮೀಟರ್ ಎತ್ತರದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ, ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲ. ನಾನು ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜನ್ನೂ ಸೇರಿಸಿಕೊಂಡೆ. ಮಗ ಅರ್ಧ ಪ್ರವಾಸ ಅವಲಕ್ಕಿಯ ಮೇಲೇ ಕಳೆದ.

ಈಗ ಆರೋಗ್ಯದ ಪುಟಕ್ಕೆ ಬರುತ್ತೇನೆ. ಕೊಟ್ಟ ದುಡ್ಡು ಇದೊಂದಕ್ಕೇ ಸಾರ್ಥಕ. ಮಾತ್ರೆ ವಿಷಯದಲ್ಲಿ ಅವರು ಒಂದು ಅಕ್ಷರ ಸಲಹೆ ಕೊಡಲಿಲ್ಲ. ಎತ್ತರದ ಕಾಯಿಲೆಗೆ ಜನ ನುಂಗುವ ಅಸಿಟಜೋಲಮೈಡ್ ಸಲ್ಫಾ ಗುಂಪಿಗೆ ಹತ್ತಿರದ ಔಷಧಿ, ಎಲ್ಲರಿಗೂ ಒಗ್ಗುವುದಿಲ್ಲ, ನಿಮ್ಮ ಡಾಕ್ಟರನ್ನೇ ಕೇಳಿ ಅಂದರು. ಪುಟದಲ್ಲಿ ಇದ್ದದ್ದು ಪ್ರಶ್ನೆಗಳು. ದಿನಾ ರಾತ್ರಿ ಎಲ್ಲರನ್ನೂ ಕೇಳಬೇಕು: ತಲೆನೋವು ಇದೆಯಾ, ಹೊಟ್ಟೆ ತೊಳಸುತ್ತಾ, ಊಟ ಸೇರಿತಾ, ನಡೆದಾಗ ಓಲಾಡುತ್ತೀರಾ. ಬರೀ ತಲೆನೋವಾದರೆ ಮುಂದೆ ಏರಬೇಡಿ, ಅಲ್ಲೇ ಇರಿ. ನಡಿಗೆ ತಪ್ಪಿದರೆ, ಮಾತು ತೊದಲಿದರೆ, ಸುಮ್ನೆ ಕೂತಾಗಲೂ ಏದುಸಿರು ಬಂದರೆ ಬೆಳಗಾಗುವ ತನಕ ಕಾಯಬೇಡಿ, ಕೆಳಗಿಳಿಯಿರಿ. ಆಮ್ಲಜನಕದ ಡಬ್ಬಿ ಇಳಿಯುವುದಕ್ಕೆ ಬದಲಿ ಅಲ್ಲ.

ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ಕಾಜಾದಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಮೊದಲು ಅಲ್ಲಿನ ಸರ್ಕಾರಿ ಆಸ್ಪತ್ರೆ; ಊರು ಬಿಟ್ಟು ಇಳಿಯಲೇಬೇಕಾದರೆ ತಾಬೋ ಕಡೆ, ಮನಾಲಿ ಕಡೆ ಅಲ್ಲ. ಯಾಕೆ ಗೊತ್ತಾ? ಮನಾಲಿ ತಗ್ಗಿನಲ್ಲಿದೆ, ದೊಡ್ಡ ಊರು, ದೊಡ್ಡ ಆಸ್ಪತ್ರೆ ಇದೆ ಅಂತ ಗಾಬರಿಯಲ್ಲಿ ಎಲ್ಲರಿಗೂ ಅದೇ ನೆನಪಾಗುತ್ತದೆ. ಆದರೆ ಅಲ್ಲಿಗೆ ಮುಟ್ಟಲು ಮೊದಲು ಕುಂಜುಂ ಹತ್ತಬೇಕು. ಇರುವ ಜಾಗದಿಂದ ಸುಮಾರು 900 ಮೀಟರ್ ಮೇಲೆ, ಕೆಟ್ಟ ರಸ್ತೆಯಲ್ಲಿ, ಹುಷಾರಿಲ್ಲದವರನ್ನು ಕೂರಿಸಿಕೊಂಡು. ತಾಬೋ ಕಡೆ ಹೊರಟರೆ ನದಿ ಜೊತೆಗೇ ಇಳಿಯುತ್ತಾ ಹೋಗಬಹುದು. ಇಷ್ಟು ಮುಖ್ಯವಾದ ವಿಷಯವನ್ನು ನಾವು ಕೇಳಿದ ಬೇರೆ ಯಾವ ಟ್ರಾವೆಲ್ಸ್‌ನವರೂ ಹೇಳಿರಲಿಲ್ಲ.

ಕಾಜಾದಲ್ಲಿ ಮೊದಲ ರಾತ್ರಿ ಅತ್ತೆಗೆ ತಲೆನೋವು ಬಂತು. ಊಟ ಸೇರಿತ್ತು, ನಡಿಗೆ ಸರಿಯಾಗಿತ್ತು. ಪುಟ ತೆಗೆದು ಓದಿದೆವು, ಮಾರನೇ ದಿನ ಎಲ್ಲೂ ಹೋಗದೆ ಬಿಸಿಲಿನಲ್ಲಿ ಕೂತು ನೀರು ಕುಡಿಯುತ್ತಾ ಕಳೆದೆವು. ಪ್ಲಾನಿನಲ್ಲಿ ಅವತ್ತು ಖಾಲಿ ದಿನವೇ ಇತ್ತು, ಹಾಗಾಗಿ ಏನೂ ತಪ್ಪಿಹೋಗಲಿಲ್ಲ. ಸಂಜೆಗೆ ಅವರೇ ಎದ್ದು ಕಾಫಿ ಕೇಳಿದರು. ಅದರ ಮಾರನೇ ದಿನ ಹಿಕ್ಕಿಂಗೆ ಹೋಗಿ ಬಂದೆವು. 4,400 ಮೀಟರ್ ಎತ್ತರದ ಆ ಹಳ್ಳಿಯಲ್ಲಿ 1983ರಿಂದ ಒಂದು ಅಂಚೆ ಕಚೇರಿ ಇದೆ. ಮಗಳು ವಿಜಯನಗರದ ವಿಳಾಸಕ್ಕೆ ತನ್ನ ಹೆಸರಿಗೇ ಒಂದು ಕಾರ್ಡ್ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಕಾಜಾ. ಹಗಲು ಎತ್ತರ, ರಾತ್ರಿ ತಗ್ಗು.

ಇನ್ನು ಕುಂಜುಂ. ಕರ್ನಾಟಕದ ಬೇಸಿಗೆ ರಜೆ ಏಪ್ರಿಲ್, ಮೇ. ಆಗ ಸಾಮಾನ್ಯವಾಗಿ ಕುಂಜುಂ ಹಿಮದಲ್ಲಿ ಮುಚ್ಚಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ತೆರೆದಿರುತ್ತದೆ, ಆದರೆ ಮಳೆಗೆ ಕಿನ್ನೌರಿನ ಬೆಟ್ಟ ಕುಸಿಯುತ್ತದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ನಮಗೆ ಉಳಿಯುವುದು ದಸರಾ ರಜೆ ಒಂದೇ. ಅದು ಒಳ್ಳೆಯ ಕಾಲ, ಆಕಾಶ ತಿಳಿಯಾಗಿರುತ್ತದೆ, ಆದರೆ ಹಿಮ ಯಾವಾಗ ಬೇಕಾದರೂ ಶುರುವಾಗಬಹುದು. 2018ರಲ್ಲಿ ಸೆಪ್ಟೆಂಬರ್ ಕೊನೆಯ ಭಾಗದಲ್ಲೇ ಲಾಹೌಲ್-ಸ್ಪಿತಿಯಲ್ಲಿ ಭಾರಿ ಹಿಮ ಬಿದ್ದು ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ಅದಕ್ಕೇ ಇವರು ಎರಡು ವಾಪಸ್ ದಾರಿ ಬರೆದುಕೊಟ್ಟಿದ್ದರು. ಒಂದು ಕುಂಜುಂ, ಬಾತಲ್, ಗ್ರಾಮ್ಫು, ಅಟಲ್ ಸುರಂಗ, ಮನಾಲಿ. ಇನ್ನೊಂದು ಬಂದ ದಾರಿಯಲ್ಲೇ ಹಿಂದಕ್ಕೆ, ಮಧ್ಯೆ ಸಾಂಗ್ಲಾ ಮತ್ತು ಛಿತ್ಕುಲ್ ಸೇರಿಸಿ. ಎರಡಕ್ಕೂ ಒಂದೇ ಅಷ್ಟು ದಿನ. ಯಾವುದು ಅಂತ ನಿರ್ಧರಿಸುವುದು ಕಾಜಾದಲ್ಲಿ, ಹೊರಡುವ ಹಿಂದಿನ ಸಂಜೆ. ಪೊಲೀಸರನ್ನು ಕೇಳಿ, ಮನಾಲಿಯಿಂದ ಅವತ್ತು ಬಂದ ಡ್ರೈವರ್‌ಗಳನ್ನು ಕೇಳಿ, ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಮೂರರಲ್ಲಿ ಒಂದು ಬೇಡ ಅಂದರೂ ಎರಡನೇ ದಾರಿ ಹಿಡಿಯಿರಿ.

ನಾವು ಕೇಳಿದ ಸಂಜೆ ಮೇಲೆ ಮೋಡ ಕಟ್ಟಿತ್ತು, ಮುನ್ಸೂಚನೆಯಲ್ಲಿ ಹಿಮ ಇತ್ತು. ಕುಂಜುಂ ಆಚೆಗಿರುವ ಚಂದ್ರತಾಲ್ ಸಿಗುವುದಿಲ್ಲ ಅಂತ ನಮ್ಮ ಮಗಳು ಅತ್ತಳು. ಆದರೆ ನಮ್ಮಲ್ಲಿ ಒಂದು ಗಳಿಗೆಯೂ ವಾದ ನಡೆಯಲಿಲ್ಲ. ಕಾಗದದ ಮೇಲೆ ಮೊದಲೇ ಬರೆದಿತ್ತಲ್ಲ. ನಾಲ್ಕು ಜನ ಸುಸ್ತಾಗಿರುವಾಗ, ಮಗು ಅಳುತ್ತಿರುವಾಗ, ಇಷ್ಟು ದೂರ ಬಂದಿದ್ದೇವೆ ಅನ್ನುವ ಆಸೆ ಎಳೆಯುತ್ತಿರುವಾಗ ಸರಿಯಾದ ನಿರ್ಧಾರ ಮಾಡುವುದು ಕಷ್ಟ. ಬೆಂಗಳೂರಿನಲ್ಲಿ ಕೂತು, ತಣ್ಣಗೆ ಯೋಚಿಸಿ ಮಾಡಿದ ನಿರ್ಧಾರ ಜೇಬಿನಲ್ಲಿ ಇತ್ತು. ಛಿತ್ಕುಲ್‌ನಲ್ಲಿ ಬಸ್ಪಾ ನದಿಯ ದಡದಲ್ಲಿ ಮಕ್ಕಳು ಇಡೀ ದಿನ ಕಲ್ಲು ಆರಿಸಿದರು.

ಕೊರತೆಗಳನ್ನೂ ಹೇಳಬೇಕು. ಅವರು ಕೊಟ್ಟ ಹೋಂಸ್ಟೇ ಪಟ್ಟಿಯಲ್ಲಿ ಎತ್ತರ ಇದೆ, ಬಾಡಿಗೆ ಇದೆ, ಪಾಯಿಖಾನೆ ಎಂಥದು ಅಂತ ಇಲ್ಲ. ಮಂಡಿ ನೋವಿನ ಅತ್ತೆಗೆ ಒಂದು ಕಡೆ ಕಮೋಡ್ ಇಲ್ಲದೆ ಬಹಳ ಕಷ್ಟವಾಯಿತು. ನಿದ್ದೆ ಬಗ್ಗೆ ಅಷ್ಟು ಕೇಳಿದವರು ಇದನ್ನೂ ಕೇಳಬೇಕಿತ್ತು. ವಾಪಸ್ ಬಂದು ಹೇಳಿದೆ, ಅವರ ಮಗಳು ಬರೆದುಕೊಂಡರು. ಅಕ್ಷರ ತೀರಾ ಚಿಕ್ಕದು, ಓಡುವ ಕಾರಿನಲ್ಲಿ ಓದಲಾಗದು. ಭಾನುವಾರ ಫೋನ್ ಎತ್ತುವುದಿಲ್ಲ. ಪ್ರವಾಸದ ಮಧ್ಯೆ ಇರುವವರಿಗೆ ಭಾನುವಾರ ರಜೆ ಇರುತ್ತದೆಯೇ?

ಇಬ್ಬರೇ ಸ್ನೇಹಿತರು ಬೈಕಿನಲ್ಲಿ ಹೋಗುವುದಾದರೆ ಈ ದುಡ್ಡು ಕೊಡಬೇಕಾಗಿಲ್ಲ, ಮಲಗುವ ಎತ್ತರದ ಲೆಕ್ಕ ನೀವೇ ಹಾಕಿಕೊಳ್ಳಬಹುದು. ಮಕ್ಕಳು, ಹಿರಿಯರು ಇದ್ದರೆ ಕೊಡಿ, ಅನುಮಾನ ಬೇಡ. ದಸರಾಕ್ಕೆ ಹೋಗುವವರು ಆಷಾಢದೊಳಗೆ ಮಾತಾಡಿ ಮುಗಿಸಬೇಕು, ಆಮೇಲೆ ಅವರು ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ಬೇರೆ ಯಾರ ಹತ್ತಿರ ಮಾಡಿಸುವುದಾದರೂ ಮೂರು ಕಾಗದ ಕೇಳಿ: ರಾತ್ರಿಗಳ ಎತ್ತರದ ಪಟ್ಟಿ, ಹುಷಾರು ತಪ್ಪಿದರೆ ಯಾವ ಕಡೆ ಇಳಿಯಬೇಕು ಅನ್ನುವುದು, ಎರಡನೇ ವಾಪಸ್ ದಾರಿ. ಮೊದಲ ಸಲ ಹೋಗುವಾಗಲೇ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಇವರಂತೂ ಅವರನ್ನು ನೋಡದೆ ಪ್ಲಾನ್ ಬರೆಯುವುದಿಲ್ಲ.